ಉಗುರುಬಣ್ಣ ಹಚ್ಚಿದ ಸ್ಕ್ರೂ

ಲತೇಶನ ಜೀನ್ಸ್ ಪ್ಯಾಂಟನ್ನು ಒಗೆಯುವ ಕಲ್ಲಿಗೆ ಎರಡನೆಯ ಸಲ ಬಡಿದಾಗ ಒಳಗಿನಿಂದ ಟಣ್ ಎಂಬ ಶಬ್ದ ಬಂತು. ಕಿಸೆಗಳನ್ನೆಲ್ಲ ನೋಡಿಯೇ ಸೋಪಿನ ನೀರಿಗೆ ಹಾಕಿದ್ದೆ. ಒಂದು ಬಸ್ ಟಿಕೇಟು, ಮಸ್ಕತ್ತಿನ ಒಂದು ನಾಣ್ಯ ಸಿಕ್ಕಿತ್ತು. ಆದರೆ ಜೀನ್ಸಿನ ದೊಡ್ಡ ಕಿಸೆಯ ಒಳಗೆ ಎರಡು ಬೆರಳು ಮಾತ್ರ ಹೋಗುವಂಥ ಇನ್ನೊಂದು ಪುಟ್ಟ ಕಿಸೆ ಇರುತ್ತದಲ್ಲ, ಅದು ಮರೆತುಹೋಗಿತ್ತು. ಬೆರಳು ತೂರಿಸಿ ಎಳೆದೆ. ಕಿರುಬೆರಳಿನ ಗೆಣ್ಣಿನಷ್ಟು ಉದ್ದದ ಒಂದು ಸ್ಕ್ರೂ. ಅದರ ಕುತ್ತಿಗೆಗೆ ಸಣ್ಣ ನಟ್ಟು. ತಲೆಯ ಮೇಲೆ ಕೆಂಪು ಬಣ್ಣ.

ಅದು ನನ್ನ ಉಗುರುಬಣ್ಣ. ಹಚ್ಚಿದವಳು ನಾನು. ಹಚ್ಚುವಾಗ ಬಾಟಲಿ ಹಿಡಿದುಕೊಂಡವಳು ನನ್ನ ಮಗಳು ಪ್ರಾಪ್ತಿ.

ಆ ಹೊತ್ತಿಗೆ ಪ್ರಾಪ್ತಿ ಮನೆಯೆದುರಿನ ಗದ್ದೆಯ ಅಂಚಿನಲ್ಲಿ ಕುಕ್ಕರಗಾಲಲ್ಲಿ ಕುಳಿತಿದ್ದಳು. ಬಲಗೈ ಪ್ಲಾಸ್ಟರಿನಲ್ಲಿ, ಕೊರಳಿಗೆ ಕಟ್ಟಿದ ಬಟ್ಟೆಯ ಜೋಲಿಯಲ್ಲಿ. ಎಡಗೈಯಿಂದ ಒಣಹುಲ್ಲನ್ನು ಬಿಡಿಸಿ ಬಿಡಿಸಿ ನೋಡುತ್ತಿದ್ದಳು. ಕೈ ಮುರಿದುಕೊಂಡ ಮರುದಿನದಿಂದ ಅವಳದು ಇದೇ ಕೆಲಸ. ಅವಳು ಹುಡುಕುತ್ತಿದ್ದದ್ದು ನನ್ನ ಅಂಗೈಯಲ್ಲಿದ್ದ ಈ ಸ್ಕ್ರೂವನ್ನು.

ಲತೇಶ ನನ್ನ ತಮ್ಮ. ಮರುದಿನ ಬೆಳಿಗ್ಗೆ ಅವನು ಮಸ್ಕತ್ತಿಗೆ ಹಿಂತಿರುಗುವವನಿದ್ದ. ಬಟ್ಟೆ ಒಣಗಿ, ಇಸ್ತ್ರಿಯಾಗಿ, ಪೆಟ್ಟಿಗೆಗೆ ಹೋಗಬೇಕೆಂದೇ ಅವನು ಏಳುವ ಮೊದಲೇ ಎತ್ತಿಕೊಂಡು ಬಂದು ಬೆಳಗಾಗುತ್ತಲೇ ಒಗೆಯಲು ಕುಳಿತಿದ್ದೆ. ಉಳಿದ ಬಟ್ಟೆ ಬಕೆಟಿನಲ್ಲೇ ಉಳಿಯಿತು. ಒದ್ದೆ ಸೆರಗಿನ ತುದಿಗೆ ಸ್ಕ್ರೂವನ್ನು ಗಂಟುಹಾಕಿಕೊಂಡು ಕಲ್ಲಿನ ಮೇಲೆ ಸುಮ್ಮನೆ ಕುಳಿತೆ. ಬಾವಿಕಟ್ಟೆಯ ಕಾಗೆಯೊಂದು ಹತ್ತಿರ ಬಂದು ಸೋಪನ್ನು ಕಚ್ಚಿಕೊಂಡು ಹೋಯಿತು. ಓಡಿಸಲೂ ಇಲ್ಲ.

ಲತೇಶ ಊರಿಗೆ ಬಂದದ್ದು ಬಿಸು ಹಬ್ಬಕ್ಕೆ ಮೊದಲು, ೨೦೦೭ರ ಏಪ್ರಿಲಿನಲ್ಲಿ. ಪ್ರಾಪ್ತಿಗೆ ಒಂದನೇ ಕ್ಲಾಸು ಮುಗಿದು ರಜೆ ಸಿಕ್ಕಿತ್ತು. ಅವಳ ಅಪ್ಪ ಪುಣೆಯ ಹೋಟೆಲಿನಲ್ಲಿ. ನಾವಿಬ್ಬರು ಸಿದ್ಧಕಟ್ಟೆಯ ನನ್ನ ತವರಿನಲ್ಲಿಯೇ ಅಮ್ಮನೊಟ್ಟಿಗೆ ಇರುವುದು. ನಮ್ಮದು ಅಳಿಯಸಂತಾನದವರ ಮನೆ. ಕಾಲ ಬದಲಾಗಿರಬಹುದು, ಆದರೂ ಮಗುವಿಗೆ ಸೋದರಮಾವ ಅಂದರೆ ಅಪ್ಪನಿಗಿಂತ ಒಂದು ಮೆಟ್ಟಿಲು ಮೇಲೆ. ಕಿವಿ ಚುಚ್ಚಿಸುವಾಗ ಮಡಿಲಲ್ಲಿ ಕೂರಿಸಿಕೊಳ್ಳುವವನು ಅವನು, ಮದುವೆಯಲ್ಲಿ ಎದುರು ನಿಲ್ಲುವವನು ಅವನು. ಅವನ ಮಾತಿಗೆ ಮಕ್ಕಳು ಎದುರಾಡುವುದಿಲ್ಲ. ಅವನು ಕೂಡ ಮಕ್ಕಳಿಗೆ ಇಲ್ಲ ಎನ್ನುವುದಿಲ್ಲ.

ಬಂದ ದಿನವೇ ಅವನು ಮೊಬೈಲಿನ ಪುಟ್ಟ ಪರದೆಯಲ್ಲಿ ಒಂದು ವಿಡಿಯೋ ತೋರಿಸಿದ. ಮರಳಿನ ದಿಬ್ಬದ ಮೇಲೆ ಅರಬರ ಸಣ್ಣ ಸಣ್ಣ ಮಕ್ಕಳು ನಾಲ್ಕು ದಪ್ಪ ಚಕ್ರದ ಬೈಕುಗಳಲ್ಲಿ ಹೋಗುತ್ತಿದ್ದರು. ಕ್ವಾಡ್ ಬೈಕ್ ಅಂತ ಹೆಸರು ಎಂದ. ಪ್ರಾಪ್ತಿ ಅದನ್ನು ಎಷ್ಟು ಸಲ ಹಾಕಿಸಿಕೊಂಡು ನೋಡಿದಳೆಂದರೆ ಮೊಬೈಲಿನ ಬ್ಯಾಟರಿಯೇ ಸತ್ತುಹೋಯಿತು.

"ಮಾವ, ಇದು ನಮ್ಮ ಗದ್ದೆಯಲ್ಲಿ ಹೋಗ್ತದಾ?"

"ಹೋಗದೆ ಎಂತ? ಕೊಯ್ಲು ಆಗಿ ಒಣಗಿ ಉಂಟಲ್ಲ. ತೆಗೆಯುವ ಮಾರಾಯ್ತಿ ನಿನಗೊಂದು."

"ಅವಳಿಗೆ ಸೈಕಲೇ ಇನ್ನು ಸರಿಯಾಗಿ ಬರುವುದಿಲ್ಲ," ಎಂದೆ ನಾನು.

"ಸೈಕಲಿಗೆ ಎರಡೇ ಚಕ್ರ ಅಕ್ಕ. ಇದಕ್ಕೆ ನಾಲ್ಕು. ಬೀಳುವುದು ಹೇಗೆ?" ಎಂದು ನಕ್ಕ. ನಾನು ನಗದಿರುವುದನ್ನು ನೋಡಿ ಹತ್ತಿರ ಬಂದು ಕುಳಿತ. "ಆಯ್ತು. ನೀನೇ ಆರಿಸು. ನೀನು ಹೇಳಿದ್ದನ್ನೇ ತೆಗೆಯುವುದು. ನೀನು ಹೇಳಿದ ಹಾಗೆಯೇ ಬಿಡಿಸುವುದು. ನಿನ್ನ ಮಾತು ಮೀರಿ ಒಂದು ಬೆರಳು ಮುಟ್ಟುವುದಿಲ್ಲ. ಸಮವಾ?"

ಆ ಮಾತನ್ನು ನಂಬಿಯೇ ನಾನು ಒಪ್ಪಿದ್ದು.

ಮೊದಲು ಹೋದದ್ದು ಮೂಡಬಿದ್ರೆಗೆ. ಅಲ್ಲಿ ದುಬೈಯಿಂದ ಬಂದು ನೆಲೆಸಿದವರೊಬ್ಬರ ಮನೆಯಲ್ಲಿ ಮಗ ಓಡಿಸಿ ಬಿಟ್ಟ ಬೈಕ್ ಇತ್ತು. ಹೊರಡುವಾಗ ಪ್ರಾಪ್ತಿ ಅಂಗಳದಲ್ಲಿ ಕುಣಿಯುತ್ತಾ, "ಎಲ್ಲಿಗೆ ಹೋಗುವುದು? ಎಲ್ಲಿಗೆ?" ಎಂದು ಹಿಂದಿನಿಂದ ಕೂಗಿದಳು. ಒಳಗಿನಿಂದ ಅಮ್ಮ ಗದರಿದರು.

"ಶ್! ಮೆಟ್ಟಿಲು ಇಳಿದವರನ್ನು ಹಿಂದಿನಿಂದ ಕರೆಯಬಾರದು. ಎಲ್ಲಿಗೆ, ಎಂತಕ್ಕೆ ಅಂತ ಕೇಳಲೂಬಾರದು. ಹೋದ ಕೆಲಸ ಆಗುವುದಿಲ್ಲ."

"ಹಾಗಾದರೆ ಗೊತ್ತಾಗುವುದು ಹೇಗೆ ಅಜ್ಜಿ?"

"ಗೊತ್ತಾಗದಿದ್ದರೆ ಎಂತ ಆಗ್ತದೆ? ಬಾಯಿ ಮುಚ್ಚಿ ಹೋಗು."

ಹೋದ ಕೆಲಸ ಆಗಲಿಲ್ಲವೆನ್ನುವುದು ನಿಜ. ಮೂಡಬಿದ್ರೆಯ ಬೈಕ್ ದೊಡ್ಡದು. ಪ್ರಾಪ್ತಿಯನ್ನು ತಂದು ಕೂರಿಸಿದ್ದರೆ ಕಾಲುಗಳು ಪಡುವಲಕಾಯಿಯ ಹಾಗೆ ನೇತಾಡುತ್ತಿದ್ದವು. ಬ್ರೇಕಿನ ಹಿಡಿಗೆ ಬೆರಳ ತುದಿ ಮಾತ್ರ ತಾಗುತ್ತಿತ್ತು. ಲತೇಶನಿಗೆ ಅದೇ ಇಷ್ಟವಾಯಿತು.

"ಬೆಳೆಯುವ ಮಗು ಅಕ್ಕ. ಯೂನಿಫಾರ್ಮ್ ತೆಗೆಯುವಾಗ ಒಂದು ಸೈಜು ದೊಡ್ಡದು ತೆಗೆಯುವುದಿಲ್ಲವಾ ನೀನು?"

"ಯೂನಿಫಾರ್ಮನ್ನು ಮಡಚಿ ಹೊಲಿಯಬಹುದು. ಇದನ್ನು ಎಲ್ಲಿ ಮಡಚುವುದು?"

ಆ ಮನೆಯ ಯಜಮಾನರಿಗೂ ನಗು ಬಂತು. ಚಹಾ ಕುಡಿದು ವಾಪಸು ಬಂದೆವು.

ಆಮೇಲೆ ಬೆಳ್ತಂಗಡಿ. ಅಲ್ಲಿ ಹಸೈನಾರ್ ಎಂಬವರು ಪಂಪ್‌ಸೆಟ್ಟು, ಹುಲ್ಲು ಕತ್ತರಿಸುವ ಯಂತ್ರ ಇಟ್ಟುಕೊಂಡಿದ್ದ ಅಂಗಡಿಯಲ್ಲಿ ಕೊಚ್ಚಿಯಿಂದ ತರಿಸಿದ ಮಕ್ಕಳ ಬೈಕುಗಳು ಎರಡು ಇದ್ದವು. ಈ ಸಲ ಪ್ರಾಪ್ತಿಯನ್ನೂ ಕರೆದುಕೊಂಡು ಹೋಗಿದ್ದೆ. ಸಣ್ಣದನ್ನು ಹೊರಗೆ ತೆಗೆಸಿದೆ. ಕಾಲಿಡುವ ಪಟ್ಟಿಯ ಮೇಲೆ ಅವಳನ್ನು ನಿಲ್ಲಿಸಿ, ಅವಳಿಗೂ ಸೀಟಿಗೂ ನಡುವೆ ನನ್ನ ಅಂಗೈ ಅಡ್ಡ ಹಿಡಿದು ನೋಡಿದೆ. ನಿಂತಾಗ ಅಷ್ಟು ಜಾಗ ಇರಬೇಕು, ಇಲ್ಲದಿದ್ದರೆ ಗುಂಡಿಗೆ ಬಿದ್ದಾಗ ಮಗು ಎಗರಿ ಬೀಳುತ್ತದೆ. ಹ್ಯಾಂಡಲನ್ನು ಎಡಕ್ಕೆ ಪೂರ್ತಿ, ಬಲಕ್ಕೆ ಪೂರ್ತಿ ತಿರುಗಿಸಲು ಹೇಳಿದೆ. ಸೀಟಿನಿಂದ ಜಾರದೆ ತಿರುಗಿಸಿದಳು. ಬ್ರೇಕಿನ ಹಿಡಿಯ ಮೇಲೆ ಬೆರಳಿನ ನಡುಗೆಣ್ಣು ಕೂರುತ್ತದೆಯೇ ಎಂದು ಒಂದೊಂದೇ ಬೆರಳನ್ನು ಹಿಡಿದು ನೋಡಿದೆ.

ಹಸೈನಾರ್ ಕೌಂಟರಿಗೆ ಒರಗಿ ನಿಂತು ನೋಡುತ್ತಿದ್ದರು. "ಅಕ್ಕ, ನನ್ನ ಮೂರು ಹೆಣ್ಣುಮಕ್ಕಳನ್ನು ನೋಡ್ಲಿಕ್ಕೆ ಬಂದವರು ಕೂಡ ಇಷ್ಟು ನೋಡಲಿಲ್ಲ."

"ಅವರು ನೋಡಬೇಕಿತ್ತು," ಎಂದೆ.

"ನೋಡದ್ದೇ ಒಳ್ಳೆಯದಾಯ್ತು, ಮದುವೆ ಆಯ್ತು," ಎಂದು ಅವರು ಜೋರಾಗಿ ನಕ್ಕರು.

ಬೈಕಿನ ವೇಗ ಹೆಚ್ಚಿಸುವುದು ಬಲಗೈಯ ಹೆಬ್ಬೆರಳಿನಿಂದ ಒತ್ತುವ ಒಂದು ಸಣ್ಣ ಹಿಡಿ. ಅದರ ಪೆಟ್ಟಿಗೆಯಿಂದ ಹೊರಗೆ ಇಣುಕುತ್ತಿದ್ದ ಸ್ಕ್ರೂವನ್ನು ಅವರು ನನಗೆ ತೋರಿಸಿದರು. ಅದನ್ನು ಒಳಗೆ ತಿರುಗಿಸಿದಷ್ಟೂ ಹಿಡಿ ಕಡಿಮೆ ಹೋಗುತ್ತದೆ. ಪೂರ್ತಿ ಒಳಗಿದ್ದರೆ ಮಗು ಎಷ್ಟೇ ಒತ್ತಿದರೂ ಬೈಕ್ ದೊಡ್ಡವರು ನಡೆಯುವ ವೇಗದಲ್ಲೇ ಹೋಗುತ್ತದೆ. ಹಿಂದುಗಡೆ ಒಂದು ಕೆಂಪು ಹಗ್ಗ. ಅದನ್ನು ಹಿಡಿದು ನಾವು ಹಿಂದೆ ನಡೆಯಬೇಕು, ಎಳೆದರೆ ಎಂಜಿನ್ ನಿಲ್ಲುತ್ತದೆ.

"ಈ ಸ್ಕ್ರೂ ತನ್ನಷ್ಟಕ್ಕೆ ಸಡಿಲ ಆಗ್ತದಾ?" ಎಂದು ಕೇಳಿದೆ.

"ನಟ್ಟು ಬಿಗಿದರೆ ಇಲ್ಲ. ಸಂಶಯ ಉಂಟಾದರೆ ಒಂದು ಚೂರು ಬಣ್ಣ ಹಚ್ಚಿಡಿ. ಯಾರಾದರೂ ತಿರುಗಿಸಿದರೆ ಬಣ್ಣ ಒಡೆಯುತ್ತದೆ, ಗೊತ್ತಾಗ್ತದೆ."

"ಯಾರು ತಿರುಗಿಸುವುದು ನಮ್ಮ ಮನೆಯಲ್ಲಿ?" ಎಂದ ಲತೇಶ.

ಹಳದಿ ಬಣ್ಣದ್ದು ಬೇಕೆಂದು ಆರಿಸಿದವಳು ಪ್ರಾಪ್ತಿ. ಹೆಲ್ಮೆಟ್ಟಿಗಾಗಿ ಮೆಲ್ಕಾರಿನವರೆಗೆ ಹೋಗಬೇಕಾಯಿತು. ಅವಳ ತಲೆಗೆ ಹೊಂದುವಷ್ಟು ಸಣ್ಣದು ಬೇರೆಲ್ಲೂ ಇರಲಿಲ್ಲ. ಟೆಂಪೋದಲ್ಲಿ ಬೈಕ್ ಬಂದ ದಿನ ನಾನೇ ಸ್ಪ್ಯಾನರ್ ಹಿಡಿದು ನಟ್ಟು ಬಿಗಿದೆ. ಮದುವೆಮನೆಗಳಿಗೆ ಮಾತ್ರ ಹೊರಬರುವ ಉಗುರುಬಣ್ಣದ ಬಾಟಲಿಯನ್ನು ಪ್ರಾಪ್ತಿ ಹಿಡಿದುಕೊಂಡಳು. ಸ್ಕ್ರೂವಿನ ತಲೆಯಿಂದ ಪೆಟ್ಟಿಗೆಯವರೆಗೆ ಕೆಂಪು ಗೀಟು ಎಳೆದೆ. ಉಳಿದದ್ದನ್ನು ಅವಳ ಹೆಬ್ಬೆರಳಿಗೆ ಹಚ್ಚಿದೆ.

"ಈಗ ನಾನು ಮತ್ತೆ ಸ್ಕ್ರೂ ಒಂದೇ," ಎಂದಳು.

ಗದ್ದೆಯಲ್ಲಿ ದಿನಾ ಸಂಜೆ ಒಂದಷ್ಟು ಸುತ್ತು. ಅವಳು ಮುಂದೆ ಬೈಕಿನಲ್ಲಿ, ನಾನು ಹಿಂದೆ ಕೆಂಪು ಹಗ್ಗ ಹಿಡಿದು. ಹುಲ್ಲಿಗೆಂದು ಬರುವ ಸರಸ ಗದ್ದೆಯಂಚಿನ ಕಟ್ಟಪುಣಿಯ ಮೇಲೆ ಹೊರೆ ಇಳಿಸಿ ನಿಂತು, "ಶಶಿಯಕ್ಕ, ಬೈಕನ್ನು ಮೇಯಿಸ್ಲಿಕ್ಕೆ ಕೊಂಡುಹೋಗುವುದಾ?" ಎಂದು ಕೂಗುತ್ತಿದ್ದಳು. ಪ್ರಾಪ್ತಿಗೆ ಆರಂಭದಲ್ಲಿ ಹೆದರಿಕೆ. ಹಿಡಿಯನ್ನು ಒತ್ತಿ ಬಿಟ್ಟು, ಒತ್ತಿ ಬಿಟ್ಟು ಮಾಡುವಾಗ ಬೈಕ್ ಜೋಲಿ ಹೊಡೆಯುತ್ತಿತ್ತು. "ಹೆದರಬೇಡ, ಪೂರ್ತಿ ಒತ್ತಿ ಹಿಡಿ. ಸ್ಕ್ರೂ ಉಂಟಲ್ಲ, ಏನೂ ಆಗುವುದಿಲ್ಲ," ಎಂದು ನಾನು ಕಲಿಸಿದೆ. ಹಾಗೆ ಅವಳು ಕೂತ ಕೂಡಲೇ ಹೆಬ್ಬೆರಳನ್ನು ಕೊನೆಯವರೆಗೆ ಒತ್ತಲು ಕಲಿತಳು.

ಒಂದು ಭಾನುವಾರ ಬಂಟ್ವಾಳದಲ್ಲಿ ಮದುವೆ. ನಾನು, ಪ್ರಾಪ್ತಿ ಹೋದೆವು. ಅಮ್ಮ ಮಂಡಿನೋವೆಂದು ಮನೆಯಲ್ಲಿ ಉಳಿದರು. ಲತೇಶ ಗೆಳೆಯರು ಬರುತ್ತಾರೆಂದು ಉಳಿದ.

ಮರುದಿನ ಸಂಜೆ ಎಂದಿನಂತೆ ಹೆಲ್ಮೆಟ್ಟಿನ ಪಟ್ಟಿ ಕಟ್ಟಿದೆ. ಹೊರಡುವ ಮೊದಲು ಕೆಂಪು ಗೀಟನ್ನು ನೋಡುವುದು ನನ್ನ ಕ್ರಮ. ಬಗ್ಗುವಷ್ಟರಲ್ಲಿ ಲತೇಶ ಅಂದ, "ನಾನು ನೋಡಿದ್ದೇನೆ ಅಕ್ಕ, ಎಲ್ಲ ಸಮ ಉಂಟು. ಹೊತ್ತು ಮುಳುಗುವ ಮೊದಲು ಒಂದು ಸುತ್ತು ಬರಲಿ."

ನಾನು ನೆಟ್ಟಗಾದೆ. ಪ್ರಾಪ್ತಿ ಹೆಬ್ಬೆರಳನ್ನು ನಾನು ಕಲಿಸಿದ ಹಾಗೆಯೇ ಒತ್ತಿದಳು.

ಹಗ್ಗ ನನ್ನ ಅಂಗೈಯನ್ನು ಸುಟ್ಟುಕೊಂಡು ಹೋಯಿತು. ಕೊನೆಯ ಎಳೆತಕ್ಕೆ ಅದು ಬೈಕಿನಿಂದ ಕಿತ್ತು ಬಂದದ್ದರಿಂದ ಎಂಜಿನ್ ನಿಂತಿತು. ಆದರೆ ಬೈಕ್ ಅಷ್ಟರಲ್ಲೇ ಹಾರಿತ್ತು. ಗದ್ದೆಯ ತುದಿಯ ಮುರಕಲ್ಲಿನ ಕಟ್ಟೆಗೆ ಬಡಿದು ಮಗುಚಿತು. ಪ್ರಾಪ್ತಿ ಕೂಗಲೂ ಇಲ್ಲ. ನಾನು ಓಡಿ ತಲುಪುವಾಗ ಅವಳು ತನ್ನ ಬಲಗೈಯನ್ನು ಬೇರೆ ಯಾರದೋ ಕೈ ಎಂಬಂತೆ ನೋಡುತ್ತಿದ್ದಳು.

ಬಂಟ್ವಾಳದ ಆಸ್ಪತ್ರೆಯಲ್ಲಿ ಡಾಕ್ಟರು, "ಎಂತ ಆಯ್ತು ಪುಟ್ಟಾ?" ಎಂದು ಕೇಳಿದಾಗ, ನಾನು ಬಾಯಿ ತೆರೆಯುವ ಮೊದಲೇ ಹೇಳಿದಳು, "ನಾನು ಜೋರು ಒತ್ತಿದೆ." ಲತೇಶ ಬಾಗಿಲ ಬಳಿ ಪ್ಯಾಂಟಿನ ಕಿಸೆಯಲ್ಲಿ ಕೈ ಹಾಕಿಕೊಂಡು ನಿಂತಿದ್ದ. ಅವನ ಮುಖ ಬೂದಿಯಾಗಿತ್ತು. ಸೊಸೆಯ ಮೇಲೆ ಎಷ್ಟು ಪ್ರೀತಿ ಎಂದು ನನಗೆ ಕಣ್ಣು ತುಂಬಿ ಬಂದಿತ್ತು.

ಸ್ಕ್ರೂ ಇರಬೇಕಾದಲ್ಲಿ ಇರಲಿಲ್ಲ. ಕಟ್ಟೆಗೆ ಬಡಿದ ಏಟಿಗೆ ಹಿಡಿಯೇ ಬಾಗಿತ್ತು. "ಅವಳು ಒತ್ತಿದ ಜೋರಿಗೆ ಸ್ಕ್ರೂ ಹಾರಿ ಹೋಗಿರಬೇಕು," ಎಂದ ಲತೇಶ. ಅಮ್ಮ ಹೌದೆಂದರು. ನಾನೂ ನಂಬಿದೆ. ಮರುದಿನ ಬೆಳಿಗ್ಗೆ ಪ್ರಾಪ್ತಿ ಪ್ಲಾಸ್ಟರಿನ ಕೈ ಎತ್ತಿಕೊಂಡು ಗದ್ದೆಗೆ ಇಳಿದಳು. ಲತೇಶನೂ ಹೋದ. ಅವಳ ಪಕ್ಕದಲ್ಲಿ ಕುಕ್ಕರಗಾಲಲ್ಲಿ ಕುಳಿತು, ಕೋಲಿನಿಂದ ಹುಲ್ಲು ಕೆದಕುತ್ತಾ, "ಇಲ್ಲೆಲ್ಲೋ ಬಿದ್ದಿರಬೇಕು. ನಿನ್ನ ಬೆರಳಿಗೆ ಎಂತ ಬಲ ಮಾರಾಯ್ತಿ, ಕಬ್ಬಿಣವನ್ನೇ ಹಾರಿಸಿಬಿಟ್ಟೆಯಲ್ಲ!" ಎಂದು ತಮಾಷೆ ಮಾಡಿದ.

ಅವಳು ನಗಲಿಲ್ಲ. ಆವತ್ತಿನಿಂದ ನನ್ನ ಮಗಳು ಏನನ್ನೂ ಒತ್ತುವುದಿಲ್ಲ. ಟಿ.ವಿ.ಯ ರಿಮೋಟನ್ನು ಬೆರಳ ತುದಿಯಿಂದ ಮುಟ್ಟಿ, ಚಾನೆಲ್ ಬದಲಾಗದಿದ್ದರೆ ಸುಮ್ಮನಾಗುತ್ತಾಳೆ. ಎಡಗೈಯಿಂದ ಬರೆಯಲು ಕೊಟ್ಟ ಪೆನ್ಸಿಲಿನ ಅಕ್ಷರ ಕಾಣಿಸುವುದೇ ಇಲ್ಲ. ನನ್ನ ಕಾಲು ನೋಯುತ್ತದೆಂದರೆ ಓಡಿ ಬಂದು ಒತ್ತುತ್ತಿದ್ದವಳು, "ಬೇಡ ಅಮ್ಮ, ನಿನಗೆ ಏನಾದರೂ ಆದೀತು," ಎಂದು ದೂರ ಕುಳಿತಳು.

ಈಗ ಆ ಸ್ಕ್ರೂ ನನ್ನ ಸೆರಗಿನ ಗಂಟಿನಲ್ಲಿತ್ತು. ಬಡಿದು ಹಾರಿದ್ದಾದರೆ ಮೈಮೇಲಿನ ಸುರುಳಿ ಎಳೆ ಸವೆದಿರಬೇಕಿತ್ತು. ಸವೆದಿರಲಿಲ್ಲ. ನಟ್ಟನ್ನು ಬಿಚ್ಚಿದವರು ಕಳೆದುಹೋಗದಂತೆ ಅದನ್ನು ಮತ್ತೆ ಸ್ಕ್ರೂವಿಗೇ ಪೋಣಿಸಿಟ್ಟಿದ್ದರು.

ಅಡುಗೆಮನೆಗೆ ಹೋದೆ. ಅಮ್ಮ ನೆಲದ ಮೇಲೆ ಕಾಲು ಚಾಚಿ ಕುಳಿತು ಮಗನ ಪೆಟ್ಟಿಗೆಗೆ ಹಲಸಿನ ಹಪ್ಪಳ, ಕೋರಿ ರೊಟ್ಟಿ ಕಟ್ಟುತ್ತಿದ್ದರು. ಗಂಟು ಬಿಚ್ಚಿ ಸ್ಕ್ರೂವನ್ನು ಹಪ್ಪಳದ ಮೇಲೆ ಇಟ್ಟೆ.

"ಇದು ಲತೇಶನ ಪ್ಯಾಂಟಿನಲ್ಲಿತ್ತು."

ಅಮ್ಮ ಅದನ್ನು ನೋಡಿದರು. ಇದೇನೆಂದು ಕೇಳಲಿಲ್ಲ. ಕೇಳಿದ್ದರೆ ನನ್ನ ಅರ್ಧ ಸಂಕಟ ಕಡಿಮೆಯಾಗುತ್ತಿತ್ತು.

"ನಾವು ಮದುವೆಗೆ ಹೋದ ದಿನ ನೀವು ಮನೆಯಲ್ಲೇ ಇದ್ದಿರಲ್ಲ ಅಮ್ಮ?"

"ಹುಡುಗರು ಬಂದಿದ್ದರು," ಎಂದರು ಅಮ್ಮ, ಹಪ್ಪಳ ಎಣಿಸುವವರ ಹಾಗೆ ತಲೆ ತಗ್ಗಿಸಿ. "ಆಮೆಯ ಹಾಗೆ ಹೋಗ್ತದೆ ಅಂತ ತಮಾಷೆ ಮಾಡಿದರು. ಅವನು ಬಿಚ್ಚಿ ಒಂದೆರಡು ಸುತ್ತು ಹೊಡೆದ. ನಾನು ಬೇಡ ಅಂದೆ. ಕೇಳ್ತಾನಾ ಅವನು?"

"ಮರುದಿನ ನನಗೆ ಹೇಳಬಹುದಿತ್ತಲ್ಲ?"

"ಅವನು ಪುನಃ ಹಾಕಿರಬಹುದು ಅಂತ ನಾನು ಎಣಿಸಿದೆ."

"ಬಿದ್ದ ಮೇಲೆ? ಮಗು ನಾನೇ ಮಾಡಿದ್ದು ಅಂತ ಹೇಳುವಾಗ?"

ಅಮ್ಮ ಪೊಟ್ಟಣದ ದಾರವನ್ನು ಹಲ್ಲಿನಿಂದ ಕಡಿದರು. "ಆಗ ಹೇಳಿ ಎಂತ ಪ್ರಯೋಜನ? ಮುರಿದ ಕೈ ಕೂಡ್ತದಾ? ಸೋದರಮಾವನ ಮೇಲೆ ಮಗುವಿಗೆ ಮನಸ್ಸು ಕೆಟ್ಟರೆ ಅದು ಕೂಡುವುದಿಲ್ಲ ಶಶಿ. ನಾಳೆ ಹೊರಟವನು, ಅವನ ಮನಸ್ಸು ನೋಯಿಸಿ ಕಳಿಸಬೇಡ. ಮಗುವಿಗೆ ಹುಲ್ಲಲ್ಲಿ ಸಿಕ್ಕಿತು ಅಂತ ಹೇಳು. ಅವಳಿಗೂ ಖುಷಿ ಆಗ್ತದೆ. ಹುಡುಕುವುದೂ ನಿಲ್ತದೆ."

ಒಂದು ಕ್ಷಣ ಅದು ಸರಿ ಎಂದು ನನಗೂ ಅನಿಸಿತು. ಅದನ್ನು ಒಪ್ಪಿಕೊಳ್ಳಲೇಬೇಕು. ಎಷ್ಟು ಸುಲಭ! ಗದ್ದೆಗೆ ಹೋಗಿ, ಬಗ್ಗಿ, "ಇಲ್ಲಿ ನೋಡು!" ಎಂದರಾಯಿತು. ಆದರೆ ಸಿಕ್ಕಿದರೂ ಅದು ಅವಳೇ ಹಾರಿಸಿದ ಸ್ಕ್ರೂ ಆಗಿಯೇ ಉಳಿಯುತ್ತಿತ್ತು.

ಲತೇಶ ಪೇಟೆಯಿಂದ ಪೆಟ್ಟಿಗೆಗೆ ಸುತ್ತುವ ಟೇಪು, ಹಗ್ಗ ತಂದು ಜಗಲಿಯಲ್ಲಿ ಇಟ್ಟ. ಬಟ್ಟೆ ಒಣಹಾಕುವ ಕಡೆ ನೋಡಿದ. ತಂತಿಯ ಮೇಲೆ ಆ ನೀಲಿ ಪ್ಯಾಂಟ್ ಮಾತ್ರ ಇತ್ತು, ಪುಟ್ಟ ಕಿಸೆಯನ್ನು ನಾನು ಹೊರಗೆ ಎಳೆದು ಬಿಟ್ಟಿದ್ದೆ. ಅವನಿಗೆ ಹೇಳಬೇಕಾಗಲಿಲ್ಲ.

"ಅಕ್ಕ," ಎಂದ.

"ಯಾವಾಗ ಗೊತ್ತಾಯಿತು ನಿನಗೆ, ಕಿಸೆಯಲ್ಲಿ ಉಂಟು ಅಂತ?"

"ಆಸ್ಪತ್ರೆಯಲ್ಲಿ. ಕೈ ಹಾಕುವಾಗ ಬೆರಳಿಗೆ ಸಿಕ್ಕಿತು. ದೇವರಾಣೆ ಅಕ್ಕ, ಅದಕ್ಕೆ ಮೊದಲು ನೆನಪೇ ಇರಲಿಲ್ಲ."

"ನೆನಪಿಲ್ಲದವನು ನಾನು ನೋಡಿದ್ದೇನೆ, ಸಮ ಉಂಟು ಅಂತ ಹೇಗೆ ಹೇಳಿದೆ?"

ಅವನು ಟೇಪಿನ ತುದಿಯನ್ನು ಉಗುರಿನಿಂದ ಕೆರೆಯುತ್ತಾ ಕುಳಿತ. "ಸುಮ್ಮನೆ ಹೇಳಿದೆ. ನೀನು ದಿನಾ ನೋಡುವುದು... ನನಗೆ ಅದೊಂದು ತಮಾಷೆಯ ಹಾಗೆ ಕಾಣ್ತಿತ್ತು." ಟೇಪನ್ನು ಕೆಳಗಿಟ್ಟು, "ಬಿಸಾಡುವ ಅಂತ ಎರಡು ಸಲ ಬಾವಿಯ ಹತ್ತಿರ ಹೋದೆ. ಮನಸ್ಸು ಬರಲಿಲ್ಲ. ನಾನು ಅವಳಿಗೆ ಹೇಳಿದರೆ ಅವಳು ಮತ್ತೆ ನನ್ನ ಮುಖ ನೋಡ್ತಾಳಾ? ನನಗೆ ಮಕ್ಕಳೂ ಇಲ್ಲ ಅಕ್ಕ, ಇರುವುದು ಅವಳೊಬ್ಬಳೇ," ಎಂದ.

ಅವನು ಅಳುತ್ತಿದ್ದ. ಸಣ್ಣವನಿದ್ದಾಗ ಅವನು ಅತ್ತರೆ ನಾನು ಸೆರಗಿನಿಂದ ಮೂಗು ಒರೆಸಿ ಸಮಾಧಾನ ಮಾಡುತ್ತಿದ್ದೆ. ಕೈ ಅಭ್ಯಾಸದಿಂದ ಸೆರಗಿಗೆ ಹೋಯಿತು. ಅಲ್ಲಿ ಗಂಟು ಹಾಕಿದ ಗುರುತು ಮುದುಡಿಕೊಂಡಿತ್ತು. ಕೈ ಹಿಂದೆ ತೆಗೆದೆ.

"ನೀನೇ ಅವಳಿಗೆ ಹೇಳು," ಎಂದೆ.

"ಮುಂದಿನ ಸಲ ಬಂದಾಗ ಹೇಳ್ತೇನೆ. ಸ್ವಲ್ಪ ದೊಡ್ಡವಳಾಗಲಿ. ಈಗ ಹುಲ್ಲಲ್ಲಿ ಸಿಕ್ಕಿತು ಅಂತ ಹೇಳುವ ಅಕ್ಕ."

ಅದೇ ಮಾತು. ಅಮ್ಮನೂ ಅವನೂ ಮೊದಲೇ ಮಾತಾಡಿಕೊಂಡಿದ್ದರು ಎನ್ನುವುದು ಆಗ ನನಗೆ ಹೊಳೆಯಿತು. ಮಧ್ಯಾಹ್ನ ಪುಣೆಗೆ ಫೋನು ಮಾಡಿದೆ. ನನ್ನ ಗಂಡ ಎಲ್ಲವನ್ನೂ ಕೇಳಿ ನಿಟ್ಟುಸಿರು ಬಿಟ್ಟರು. ಮಸ್ಕತ್ತಿನಲ್ಲಿ ಕೆಲಸ ನೋಡುತ್ತೇನೆಂದು ಲತೇಶ ಅವರಿಗೆ ಹೇಳಿದ್ದ. "ಬೇಕಂತ ಮಾಡಿದ್ದಲ್ಲವಲ್ಲ ಶಶಿ. ಹುಲ್ಲಲ್ಲಿ ಸಿಕ್ಕಿತು ಅಂತ ಹೇಳಿದರೆ ನಮ್ಮದು ಎಂತ ಹೋಗ್ತದೆ?" ಎಂದರು.

ಫೋನಿಟ್ಟೆ. ಎಲ್ಲರೂ ನನ್ನವರೇ. ಎಲ್ಲರಿಗೂ ಪ್ರಾಪ್ತಿಯೆಂದರೆ ಜೀವ. ಆದರೂ ಅಷ್ಟು ಜನರಲ್ಲಿ ಒಬ್ಬರಿಗೂ ಆ ರಿಮೋಟನ್ನು ಮೆಲ್ಲ ಮುಟ್ಟುವ ಬೆರಳು ಕಂಡಿರಲಿಲ್ಲ.

ಬಕೆಟಿನಲ್ಲಿ ಉಳಿದ ಬಟ್ಟೆ ಒಗೆದೆ. ಅನ್ನ ಬಸಿದೆ. ಸಂಜೆ ಪ್ರಾಪ್ತಿ ಎಂದಿನಂತೆ ಗದ್ದೆಗೆ ಇಳಿದಾಗ ಹಿಂದೆಯೇ ಹೋಗಿ ಅವಳ ಎಡ ಅಂಗೈ ಬಿಡಿಸಿ ಸ್ಕ್ರೂ ಇಟ್ಟೆ.

ಅವಳ ಕಣ್ಣು ಅರಳಿತು. "ಸಿಕ್ಕಿತಾ! ಎಲ್ಲಿ ಸಿಕ್ಕಿತು ಅಮ್ಮ?"

ನಾಲಗೆಯ ತುದಿಯಲ್ಲಿ ಹುಲ್ಲು ಇತ್ತು.

"ಮಾವನ ಪ್ಯಾಂಟಿನ ಕಿಸೆಯಲ್ಲಿ," ಎಂದೆ. "ನಾವು ಮದುವೆಗೆ ಹೋದ ದಿನ ಮಾವ ಬೈಕ್ ಓಡಿಸಿದ್ದಾರೆ. ಅದಕ್ಕೆ ಬಿಚ್ಚಿದ್ದು. ಪುನಃ ಹಾಕಲು ಮರೆತರು. ನೀನು ಒತ್ತಿದ್ದರಿಂದ ಹಾರಿದ್ದಲ್ಲ. ನೀನು ಸರಿಯಾಗಿಯೇ ಒತ್ತಿದ್ದೆ, ನಾನು ಹೇಳಿಕೊಟ್ಟ ಹಾಗೆಯೇ."

ಅವಳು ಸ್ಕ್ರೂವನ್ನು ತಿರುಗಿಸಿ ತಿರುಗಿಸಿ ನೋಡಿದಳು. ಹೆಬ್ಬೆರಳಿನ ಉಗುರಿನಲ್ಲಿ ಉಳಿದಿದ್ದ ಕೆಂಪನ್ನು ಅದರ ಪಕ್ಕ ಹಿಡಿದಳು. ಏನೋ ಕೇಳಲು ಬಾಯಿ ತೆರೆದಳು, ನನ್ನ ಮುಖ ನೋಡಿದಳು, ಮುಚ್ಚಿದಳು. ಹುಲ್ಲಿನಲ್ಲಿ ಅವಳು ಕೆದಕಿದ್ದ ಜಾಗಗಳು ಕೋಳಿ ಕೆದಕಿದ ಹಾಗೆ ಅಲ್ಲಲ್ಲಿ ಬೋಳಾಗಿದ್ದವು. ಅವುಗಳನ್ನೇ ನೋಡುತ್ತಾ ನನ್ನ ಕೈ ಹಿಡಿದು ಮನೆಗೆ ಬಂದಳು. ಊಟಕ್ಕೆ ಕುಳಿತಾಗ ಮಾವನ ಪಕ್ಕದ ತನ್ನ ಜಾಗ ಬಿಟ್ಟು ನನ್ನ ಬಳಿ ಕುಳಿತಳು. ಲತೇಶ ಮೀನಿನ ಮುಳ್ಳು ಬಿಡಿಸಿ ಅವಳ ಬಟ್ಟಲಿಗೆ ಹಾಕಿದ. ಅವಳು ತಿಂದಳು, ತಲೆ ಎತ್ತಲಿಲ್ಲ. ಹೇಳಿಬಿಟ್ಟೆಯಾ ಎಂದು ಕೇಳುವಂತೆ ಅವನು ನನ್ನತ್ತ ನೋಡಿದ. ನಾನು ಸಾರು ಬಡಿಸಿದೆ.

ಬೆಳಿಗ್ಗೆ ತುಕ್ರಪ್ಪನ ಬಾಡಿಗೆ ಓಮ್ನಿ ಕಾರು ಅಂಗಳಕ್ಕೆ ಬಂತು. ಹಗ್ಗ ಬಿಗಿದ ಪೆಟ್ಟಿಗೆಯನ್ನು ಹಿಂದೆ ಏರಿಸಿದರು. ಅಮ್ಮ ದೀಪ ಹಚ್ಚಿ, ನೀರು ಬೆಲ್ಲ ಕೊಟ್ಟರು. ಲತೇಶ ಅಮ್ಮನ ಕಾಲು ಮುಟ್ಟಿದ, ನನ್ನ ಕಾಲು ಮುಟ್ಟಿದ. ನನ್ನ ಕೈ ಅವನ ತಲೆಯ ಮೇಲೆ ಹೋಯಿತು. ಹೋಗದಿರಲು ಅದು ಕಲ್ಲಲ್ಲವಲ್ಲ.

ಅವನು ಪ್ರಾಪ್ತಿಯ ಎದುರು ಮಂಡಿಯೂರಿ ಕುಳಿತ. "ಬರ್ತೇನೆ ಆಯ್ತಾ? ಮುಂದಿನ ಸಲ ಎಂತ ತರಬೇಕು ನನ್ನ ಸೊಸೆಗೆ?"

ಅವಳು ಎಡಗೈಯನ್ನು ಮುಷ್ಟಿ ಕಟ್ಟಿ ಹಿಂದೆ ಇಟ್ಟುಕೊಂಡಿದ್ದಳು. ಅವನು ಅವಳ ಪ್ಲಾಸ್ಟರನ್ನು ಮೆಲ್ಲನೆ ಸವರಿ, ಎದ್ದು, ಬೂಟು ಹಾಕಿಕೊಂಡ. ಅಮ್ಮ ನನ್ನನ್ನೇ ನೋಡುತ್ತಾ ತುಟಿಯ ಮೇಲೆ ಬೆರಳಿಟ್ಟರು. ಹೊರಟವನಿಗೆ ಈಗ ಯಾರೂ ಏನೂ ಹೇಳಬಾರದು. ಅವನು ಒಂದು ಮೆಟ್ಟಿಲು ಇಳಿದ. ಇನ್ನೊಂದು ಇಳಿದ. ತುಕ್ರಪ್ಪ ಎಂಜಿನ್ ಸ್ಟಾರ್ಟ್ ಮಾಡಿದ.

"ಮಾವ."

ಲತೇಶ ಹೆಜ್ಜೆ ಎತ್ತಿದಲ್ಲಿಯೇ ನಿಂತ.

"ಪ್ರಾಪ್ತಿ! ಹೊರಟವನನ್ನು ಹಿಂದಿನಿಂದ ಕರೆಯುವುದಾ!" ಅಮ್ಮ ಗದರಿದರು. "ಶಶಿ, ಆ ಮಗುವನ್ನು ಒಳಗೆ ಕರೆದುಕೊಂಡು ಹೋಗು!"

ನಾನು ಪ್ರಾಪ್ತಿಯ ಹೆಗಲ ಮೇಲೆ ಕೈ ಇಟ್ಟೆ. ಎಳೆಯಲಿಲ್ಲ. ಅವಳು ಮುಷ್ಟಿಯನ್ನು ಮುಂದೆ ತಂದು ಬಿಡಿಸಿದಳು. ಲತೇಶ ತಿರುಗಿದ.

"ಇದು ನಿಮ್ಮ ಕಿಸೆಯಲ್ಲೇ ಇತ್ತಲ್ಲ ಮಾವ," ಎಂದಳು ನನ್ನ ಮಗಳು, ಎಂಜಿನ್ನಿನ ಸದ್ದಿಗಿಂತ ಜೋರಾಗಿ. "ಮತ್ತೆ ನನ್ನ ಒಟ್ಟಿಗೆ ಹುಲ್ಲಲ್ಲಿ ಎಂತ ಹುಡುಕಿದ್ದು ನೀವು?"